ಹುಬ್ಬಳ್ಳಿಗೆ ಹೊರಟ ಟ್ಯಾಂಗೋ

ನಾನು ಕೈ ಹಾಕಿದ ಕೆಲಸ ನೆಟ್ಟಗೆ ಮುಗಿದದ್ದು ನೆನಪಿಲ್ಲ. ಎಂಬತ್ತರ ಆಸುಪಾಸಿನಲ್ಲಿ ದಾಂಡೇಲಿಯ ಕಾಗದದ ಗಿರಣಿಯಲ್ಲಿ ಸ್ಟೋರ್ ಕ್ಲಾರ್ಕ್ ಆಗಿದ್ದೆ. ಗಿರಣಿ ಕಾಲೊನಿ ಬಂಗೂರನಗರದ ನಮ್ಮ ನಾಟಕ ತಂಡಕ್ಕೆ ಕಾರ್ಯದರ್ಶಿಯೂ ನಾನೇ. ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ. ಅಂಥವನ ಕೈಗೆ ಜೋಯಿಡಾ ಕಡೆಯ ಪಿಟೀಲು ಮಾಸ್ತರರು ಸಿಕ್ಕರು. ಅವರೊಂದು ಸಂಗೀತ ನಾಟಕ ಬರೆದಿದ್ದರು. ಮಾತೇ ಇಲ್ಲ, ಎಲ್ಲ ಹಾಡು, ಹಾಡೆಲ್ಲ ಟ್ಯಾಂಗೋ. ಗಂಡು ಹೆಣ್ಣು ಸೊಂಟ ಹಿಡಿದು ನಾಲ್ಕು ಹೆಜ್ಜೆ ಹಾಕಿ, ಥಟ್ಟನೆ ನಿಂತು, ಮುಖ ಹೊರಳಿಸಿ ಮತ್ತೆ ಹೊರಡುವ ಪರದೇಶದ ಕುಣಿತ ಅದು.

“ಇಪ್ಪತ್ತು ವರ್ಷ ಹುಬ್ಬಳ್ಳಿ ಮದುವಿಗಳೊಳಗ ಬಾರಿಸೇನಿ. ಜನ ಊಟ ಮಾಡಕೋತ ಕೇಳ್ಯಾರ. ಒಮ್ಮೆ ಸುಮ್ಮ ಕೂತು ಕೇಳಿದ್ರ ಸಾಕು” ಎಂದರು ಮಾಸ್ತರು.

ಅಷ್ಟೇ ಸಾಕಾಯಿತು ನನಗೆ. ಹಿಂದೆಮುಂದೆ ನೋಡದೆ ಹುಬ್ಬಳ್ಳಿಗೆ ಹೋಗಿ ಥಿಯೇಟರ್ ಗೊತ್ತು ಮಾಡಿ ಬಂದೆ.

೧. ಒಂದು ಕೈಯ ಕುಣಿತ

ನಾಯಕ ಬೇಗ ಸಿಕ್ಕ. ನಮ್ಮ ಗಿರಣಿಯ ಫಿಟ್ಟರ್, ಒಳ್ಳೆಯ ಕಂಠ. ನಾಯಕಿ ಮಾತ್ರ ಸಿಗಲಿಲ್ಲ. ಕೊನೆಗೆ ಅವನ ಹೆಂಡತಿಯನ್ನೇ ಒಪ್ಪಿಸಿದೆವು. ಹಳಿಯಾಳದಲ್ಲಿ ಭಜನೆ ಹಾಡಿ ಬೆಳೆದವಳು. ತಾಳಿ ಕಟ್ಟಿದ ಗಂಡನೇ ಸೊಂಟ ಹಿಡಿದರೆ ಯಾರು ಏನಂದಾರು ಅಂದುಕೊಂಡೆ.

ಅವಳ ಅತ್ತೆ ಅಂದರು. ದಿನಾ ತಾಲೀಮಿಗೆ ಬಂದು ಎದುರಿಗೇ ಕೂತರು. ಅವರನ್ನು ಕಂಡೊಡನೆ ಸೊಸೆಯ ಕೈ ಗಂಡನ ಹೆಗಲು ಬಿಟ್ಟು ತಲೆಯ ಸೆರಗಿಗೆ ಹೋಗುತ್ತಿತ್ತು. ಟ್ಯಾಂಗೋ ಒಂದೇ ಕೈಯಲ್ಲಿ ನಡೆಯಿತು. ನನಗೆ ತಡೆಯಲಾಗಲಿಲ್ಲ, ಅತ್ತೆಯ ಕುರ್ಚಿಯನ್ನು ಗೋಡೆಯತ್ತ ತಿರುಗಿಸಿಬಿಟ್ಟೆ. ಪಾಪ, ಎರಡು ದಿನ ಗೋಡೆ ನೋಡುತ್ತ ಕೂತರು. ಮೂರನೆಯ ದಿನ ಗೋಡೆಗೇ ಹೇಳಿದರು: “ಹಾಡು ಚಲೋ ಐತಿ. ಆದ್ರ ಹೆಜ್ಜಿ ಸಪ್ಪಳ ನಡುನಡುವ ಯಾಕ ನಿಂದರತೈತಿ? ಜಗಳಾಡ್ಯಾರೇನು?”

೨. ಹುರುಪು

ತಾಳಕ್ಕೆ ಮಳಗಿ ಕಡೆಯ ಸಿದ್ದಿ ರೈತನೊಬ್ಬನನ್ನು ಕರೆತಂದೆ. ತಮ್ಮವರ ಡಮಾಮಿ ಡೋಲು ಹೆಗಲಿಗೆ ಹಾಕಿಕೊಂಡು ಬಂದ. ಅವನ ಕೈ ಬಿದ್ದರೆ ಕಂಬಕ್ಕೂ ಕಾಲು ಬರಬೇಕು. ತೊಂದರೆ ಒಂದೇ. ಕುಣಿಯುವವರು ಥಟ್ಟನೆ ನಿಲ್ಲುವ ಜಾಗದಲ್ಲೆಲ್ಲ ಅವನು ಇನ್ನೂ ಜೋರಾಗಿ ಬಾರಿಸುತ್ತಿದ್ದ. ನಾಲ್ಕು ಸಲ ಹೇಳಿ, ಐದನೆಯ ಸಲ ರೇಗಿದೆ.

ಅವನು ಬೇಜಾರು ಮಾಡಿಕೊಳ್ಳಲಿಲ್ಲ. “ನಮ್ಮಲ್ಲಿ ಕುಣಿಯಾವ್ರು ನಿಂತ್ರ ದಣದಾರ ಅಂತ ಅರ್ಥ ರೀ. ಕೈಬಿಟ್ರ ಹೆಂಗ? ಹುರುಪ ತುಂಬಬೇಕು” ಎಂದ.

ಹುರುಪು ಅಂದರೇನೆಂದು ಒಮ್ಮೆ ತೋರಿಸಿಯೂ ಬಿಟ್ಟ. ಎರಡೇ ನಿಮಿಷಕ್ಕೆ ನಾನು, ಈ ಕಾರ್ಯದರ್ಶಿ, ಪಂಚೆ ಎತ್ತಿ ಕಟ್ಟಿ ಕುಣಿಯುತ್ತಿದ್ದೆ. ಅತ್ತೆ ಒಮ್ಮೆ ಹೊರಳಿ ನೋಡಿದರು. ಆಮೇಲೆ ಕುರ್ಚಿಯನ್ನು ತಾವೇ ಇನ್ನಷ್ಟು ಗೋಡೆಗೆ ಒತ್ತಿಕೊಂಡರು.

೩. ನಾಲ್ಕರ ಭೋಂಗಾ

ನಮ್ಮೂರಲ್ಲಿ ಎಲ್ಲರಿಗಿಂತ ದೊಡ್ಡ ಯಜಮಾನ ಗಿರಣಿಯ ಸೈರನ್, ನಮ್ಮ ಬಾಯಲ್ಲಿ ಭೋಂಗಾ. ಅದು ಕೂಗಿತೆಂದರೆ ಊಟ, ಜಗಳ ಏನಿದ್ದರೂ ಬಿಟ್ಟು ಪಾಳಿಗೆ ಹೊರಡಬೇಕು. ನಾಲ್ಕಕ್ಕೆ ಕೂಗಿದರೆ ಎರಡನೇ ಪಾಳಿ, ಅದು ನಮ್ಮ ಫಿಟ್ಟರನದು.

ಹುಬ್ಬಳ್ಳಿಯಲ್ಲಿ ಮಧ್ಯಾಹ್ನದ ಆಟ. ಥಿಯೇಟರ್ ತುಂಬಿತ್ತು, ಗದ್ದಲವೂ ತುಂಬಿತ್ತು. ಶೇಂಗಾ ಸುಲಿಯುವ ಸದ್ದಿನಲ್ಲಿ ಪಿಟೀಲು ಕೇಳುತ್ತಿರಲಿಲ್ಲ. ಮಾಸ್ತರರ ಮುಖ ನೋಡಲಾರದೆ ನಾನು ಪರದೆಯ ಹಿಂದೆ ಶತಪಥ ತಿರುಗುತ್ತಿದ್ದೆ. ಕೊನೆಯ ದೊಡ್ಡ ಟ್ಯಾಂಗೋ ಶುರುವಾಯಿತು. ಮಾಸ್ತರು ಕಣ್ಣು ಮುಚ್ಚಿದರು. ನಾಯಕ ಸೊಂಟ ಹಿಡಿದ. ಅಷ್ಟರಲ್ಲಿ ಅಲ್ಲೇ ಪಕ್ಕದ ಯಾವುದೋ ಗಿರಣಿಯ ನಾಲ್ಕರ ಭೋಂಗಾ ಕೂಗಿತು.

ಫಿಟ್ಟರ್ ಹೆಂಡತಿಯ ಸೊಂಟ ಬಿಟ್ಟ. ಟೋಪಿ ಸರಿಮಾಡಿಕೊಂಡು, ರಂಗದಿಂದ ಇಳಿದು, ಜನರ ನಡುವೆಯೇ ಬಾಗಿಲಿನತ್ತ ನಡೆದ. ಹತ್ತು ವರ್ಷದ ರೂಢಿ ಹೆಂಡತಿಯನ್ನಾದರೂ ಬಿಟ್ಟೀತೆ? ನಾಟಕದ ಒಡವೆ ಪೆಟ್ಟಿಗೆಯನ್ನೇ ಬುತ್ತಿ ಡಬ್ಬಿಯಂತೆ ಎತ್ತಿಕೊಂಡು, ಸೆರಗು ಹೊದ್ದು, ಅವನ ಹಿಂದೆ ಓಡಿದಳು.

ನಾನು ಪರದೆ ಎಳೆಯಲು ಹೋದರೆ ಹಗ್ಗ ಸಿಗಲಿಲ್ಲ. ಡಮಾಮಿಯವನು ಮಾತ್ರ ಮೊದಲ ಸಲ ಕೈ ತಡೆದ. ಖಾಲಿ ರಂಗದ ಮೇಲೆ ಪಿಟೀಲೊಂದೇ ಉಳಿಯಿತು. ನಾಯಕ ನಾಯಕಿಯನ್ನು ತೊರೆದು ಹೋದನೆಂದು ತಿಳಿದ ಜನ ಶೇಂಗಾ ಸುಲಿಯುವುದನ್ನೇ ಬಿಟ್ಟರು. ಕೆಲವರು ಕಣ್ಣೊರೆಸಿಕೊಂಡರು. ಯಾಕೆ ಸುಳ್ಳು ಹೇಳಲಿ, ನಾನೂ ಕಣ್ಣೊರೆಸಿಕೊಂಡೆ.

ಕೊನೆಯ ಸ್ವರ ಮುಗಿಸಿ ಮಾಸ್ತರು ಕಣ್ಣು ತೆರೆದರು. ಇಡೀ ಥಿಯೇಟರ್ ಸುಮ್ಮನೆ ಅವರನ್ನೇ ನೋಡುತ್ತಿತ್ತು. ಅವರು ಖಾಲಿ ರಂಗ ನೋಡಿ, ಗಾಬರಿಯಾಗಿ, ಇವರೆಲ್ಲಿ ಹೋದರು ಎಂದು ಜೋರಾಗಿಯೇ ಕೇಳಿಬಿಟ್ಟರು.

ಮೊದಲ ಸಾಲಿನಿಂದ ಅತ್ತೆ ಎದ್ದು ನಿಂತರು.

“ಅಂವಾ ಎರಡನೇ ಪಾಳಿಗೆ ಹೋಗ್ಯಾನ್ರಿ ಮಾಸ್ತರ. ನೀವು ಬಾರಸ್ರಿ.”