ಇನ್ನೂ ಓಡುತ್ತೆ

ಬಡಗಿಯ ದೊಡ್ಡ ಪಿಕಪ್ಪಿನ ಪೆಟ್ರೋಲ್ ಮುಳ್ಳು ಬೆಳಿಗ್ಗೆಯೇ ಕೆಂಪು ಗೆರೆ ದಾಟಿ ಮಲಗಿತ್ತು. ಬೇರೆಯವರಾಗಿದ್ದರೆ ಎದೆ ಧಸಕ್ಕೆನ್ನುತ್ತಿತ್ತು. ಇವನಿಗೆ ಹುರುಪು ಬರುತ್ತಿತ್ತು. "ಇನ್ನೂ ಓಡುತ್ತೆ" ಎಂಬುದು ಅವನ ಮಂತ್ರ, ಬೀದಿಯವರು ಅವನಿಗಿಟ್ಟ ಹೆಸರೂ ಅದೇ. ಗಾಡಿಗೆ ಎರಡು ಟ್ಯಾಂಕು. ಹಿಂದಿನದನ್ನು ತುಂಬಿಸುವುದನ್ನೇ ಅವನು ಬಿಟ್ಟಿದ್ದ. ಪೆಟ್ರೋಲಿನ ಭಾರ ಹೊರುವುದಕ್ಕೇ ಪೆಟ್ರೋಲು ಸುಡುತ್ತದಂತೆ!

"ಇನ್ನೊಂದು ಸಲ ಪೆಟ್ರೋಲ್ ಖಾಲಿಯಾಗಿ ನಿಂತ್ರೆ ಕೀಲಿ ನನ್ನ ಕೈಗೆ. ಆಮೇಲೆ ನಿಮಗೆ ಪಕ್ಕದ ಸೀಟು," ಎಂದು ಹೆಂಡತಿ ಖಡಾಖಂಡಿತವಾಗಿ ಹೇಳಿದ್ದಳು. ಹೆಂಡತಿಯನ್ನು ಎಷ್ಟು ಪ್ರೀತಿಸುತ್ತಿದ್ದನೋ ಆ ಸ್ಟೇರಿಂಗನ್ನೂ ಅವನು ಅಷ್ಟೇ ಪ್ರೀತಿಸುತ್ತಿದ್ದ, ಪಾಪ.

ಮರದ ಕಪಾಟು ಹೇರಿಕೊಂಡು ಹೊರಟ ಗಾಡಿ ಕ್ಷೌರದಂಗಡಿಯ ಮುಂದೆ ಕೆಮ್ಮಿ ಕೆಮ್ಮಿ ನಿಂತೇಬಿಟ್ಟಿತು.

ಕ್ಷೌರಿಕ ಕತ್ತಿ ಹಿಡಿದೇ ಹೊರಗೆ ಬಂದ. "ಏನಣ್ಣ, ಪೆಟ್ರೋಲ್ ಖಾಲಿನಾ?"

"ಛೇ ಛೇ! ಟ್ಯಾಂಕ್ ತುಂಬಾ ಇದೆ."

"ಹಾಗಾದ್ರೆ ಬ್ಯಾಟರಿ," ಎಂದರು ಎದುರುಮನೆಯ ನಿವೃತ್ತ ಮೇಷ್ಟ್ರು. ಜೀವಮಾನದಲ್ಲಿ ಸೈಕಲ್ ಬಿಟ್ಟು ಬೇರೇನೂ ಓಡಿಸಿದವರಲ್ಲ. "ತಳ್ಳಿದ್ರೆ ಹತ್ಕೊಳ್ಳುತ್ತೆ."

ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಿತು. "ಬ್ಯಾಟರೀನೇ ಮೇಷ್ಟ್ರೇ! ಸ್ವಲ್ಪ ಬಂಕ್ ಕಡೆ ತಳ್ಳಿ, ಆ ಕಡೆ ರಸ್ತೆ ಚೆನ್ನಾಗಿದೆ."

ಆ ಕಡೆ ರಸ್ತೆ ಏರು. ಕ್ಷೌರಿಕ ಕತ್ತಿಯನ್ನು ಜೇಬಿಗಿಳಿಸಿದ. ಅರ್ಧ ಗಡ್ಡ ಹೆರೆಸಿಕೊಂಡಿದ್ದ ಗಿರಾಕಿ ನೊರೆಮುಖದಲ್ಲೇ ಹೆಗಲು ಕೊಟ್ಟ. ಮೇಷ್ಟ್ರೂ ಕೈ ಹಚ್ಚಿದರು. ಬಡಗಿಯ ಒಂದು ಸುಳ್ಳನ್ನು ಆರು ಕಾಲುಗಳು ಏದುಸಿರು ಬಿಡುತ್ತ ಬಂಕ್ ಮುಟ್ಟಿಸಿದವು.

"ಮೆಲ್ಲಗೆ ಹಾಕಪ್ಪ, ಯಾರಿಗೂ ಗೊತ್ತಾಗಬಾರದು," ಎಂದು ಬಡಗಿ ಬಂಕ್‌ನವನ ಕಿವಿಯಲ್ಲಿ ಉಸುರಿದ. ಬಂಕ್‌ನವನ ಗಂಟಲಿಗೆ ಮೆಲ್ಲಗೆ ಎನ್ನುವುದು ಗೊತ್ತಿರಲಿಲ್ಲ. ಹಿಂದಿನ ಟ್ಯಾಂಕಿನ ಮುಚ್ಚಳ ತೆಗೆದವನೇ ಕೂಗಿದ: "ಎಲ್ಲಿಗೆ ಹಾಕ್ಲಿ ಅಣ್ಣ? ಇದು ಬಾಯಿತನಕ ತುಂಬಿದೆ! ಭಾನುವಾರ ಅಕ್ಕ ಬಂದು ತುಂಬಿಸಿದ್ರಲ್ಲ?"

ಆ ಕೂಗಿಗೆ ಎದುರಿನ ಹೊಲಿಗೆ ಅಂಗಡಿಯಿಂದ ಹೆಂಡತಿಯೇ ಬಂದಳು, ಕೊರಳಲ್ಲಿ ಅಳತೆಪಟ್ಟಿ. ಕಿಟಕಿಯೊಳಗೆ ಕೈ ಹಾಕಿ, ಸ್ಟೇರಿಂಗ್ ಕೆಳಗಿನ ಟ್ಯಾಂಕ್ ಬದಲಿಸುವ ಗುಂಡಿ ಒತ್ತಿ, ಕೀಲಿ ತಿರುಗಿಸಿದಳು. ಸ್ವಲ್ಪ ಗೊರಗುಟ್ಟಿ ಗಾಡಿ ಎದ್ದಿತು.

"ನಡುದಾರೀಲಿ ನಿಂತು ಒದ್ದಾಡಬಾರದು ಅಂತ, ನೀವು ಮಧ್ಯಾಹ್ನ ಮಲಗಿದ್ದಾಗ ನಾನೇ ತುಂಬಿಸಿದ್ದೆ. ನೀವು ಆ ಗುಂಡಿ ಮುಟ್ಟಿದ್ರೆ ತಾನೆ ಗೊತ್ತಾಗೋದು?"

ಬಡಗಿಗೆ ಕಣ್ಣು ತುಂಬಿಬಂತು. ಮರುಕ್ಷಣವೇ ಬುದ್ಧಿ ಚುರುಕಾಯಿತು. "ಹಾಗಾದ್ರೆ ಪೆಟ್ರೋಲ್ ಖಾಲಿಯಾಗಿ ನಿಂತಿಲ್ಲ! ಟ್ಯಾಂಕ್ ತುಂಬಾ ಇದೆ ಅಂತ ನಾನು ಮೊದಲೇ ಹೇಳಿದ್ದೆ. ಕೀಲಿ ನಂದೇ!"

"ನಿಮ್ದೇ," ಎಂದಳು ಹೆಂಡತಿ ತಣ್ಣಗೆ. "ಅಂದ್ರೆ ಟ್ಯಾಂಕ್ ತುಂಬಿರೋದು ಗೊತ್ತಿದ್ದೂ ಇವರ ಕೈಲಿ ಏರು ಹತ್ತಿಸಿದ್ರಾ?"

ಮೇಷ್ಟ್ರು ಅಂಗಿಯ ತೋಳು ಮಡಚತೊಡಗಿದರು. ಗಿರಾಕಿಯ ಮುಖದ ಮೇಲೆ ನೊರೆ ಒಣಗಿತ್ತು. ಕ್ಷೌರಿಕ ಜೇಬಿನಿಂದ ಕತ್ತಿ ತೆಗೆದು, ಸುಮ್ಮನೆ, ಒರೆಸುತ್ತಾ ನಿಂತ.

ಬಡಗಿ ಕತ್ತಿ ನೋಡಿದ, ಹೆಂಡತಿಯ ಮುಖ ನೋಡಿದ. ಇಂಜಿನ್ ಆರಿಸಿ ಕೀಲಿಯನ್ನು ಅವಳ ಅಂಗೈಯಲ್ಲಿಟ್ಟ.

"ಗೊತ್ತಿರಲಿಲ್ಲ ಕಣೇ," ಎಂದವನೇ ಸುತ್ತುಬಳಸಿ ಹೋಗಿ ಪಕ್ಕದ ಸೀಟಿನಲ್ಲಿ ಕೂತ.