ಎಲ್ಲ ಕಡೆ ಹೊಂದುವ ಮೂರು ಪದ

ನನಗೆ ಇಂಗ್ಲಿಷ್ ಬರುವುದಿಲ್ಲ, ಸಿಟ್ಟು ಚೆನ್ನಾಗಿ ಬರುತ್ತದೆ. ಜೀವನ್ ಬಿಮಾ ನಗರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೇಲಿನ ಮನೆಯ ಬಚ್ಚಲ ನೀರು ಸೀದಾ ನನ್ನ ಒಲೆಯ ಮೇಲೆ ತೊಟ್ಟಿಕ್ಕುತ್ತದೆ. ಯಾರೋ ಸ್ನಾನ ಮಾಡಿದ ನೀರು ನನ್ನ ಸಾರಿಗೆ! ಆ ಮನೆಯ ಶೇಖರ್ ಅವರಿಗೆ ಮೆಟ್ಟಿಲ ಮೇಲೆ, ಗೇಟಿನ ಹತ್ತಿರ, ಸಿಕ್ಕ ಸಿಕ್ಕಲ್ಲಿ ಬೈದೆ. "ನೋಡೋಣ ಮೇಡಂ" ಅನ್ನುತ್ತಿದ್ದರೇ ಹೊರತು ತೊಟ್ಟಿಕ್ಕುವುದು ನಿಲ್ಲಲಿಲ್ಲ. ಉಳಿದದ್ದು ಸಂಘದ ಮೀಟಿಂಗ್ ಒಂದೇ.

ನಮ್ಮ ಮೀಟಿಂಗಿನ ಶಾಸ್ತ್ರವೇ ಬೇರೆ. ದಿನವಿಡೀ ಕನ್ನಡ, ತಮಿಳು, ದಖನಿಯಲ್ಲಿ ಹರಟುವ ಜನ, ಭಾನುವಾರ ಪಾರ್ಕಿಂಗ್‌ನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದ ಕೂಡಲೇ ಇಂಗ್ಲಿಷರಾಗಿಬಿಡುತ್ತಾರೆ. ಮಗಳ ಮೊರೆ ಹೋದೆ.

"ಅಮ್ಮಾ, ಎಲ್ಲಾ ಕಡೆ ಹೊಂದೋ ಪದ ಮೂರು ಇಟ್ಕೋ, ಸಾಕು. ಆಬ್ಸಲ್ಯೂಟ್ಲಿ, ಡೆಫಿನೆಟ್ಲಿ, ಫೇರ್ ಎನಫ್. ನಮ್ಮ ಆಫೀಸ್‌ನಲ್ಲಿ ಇಷ್ಟರಲ್ಲೇ ಮ್ಯಾನೇಜರ್ ಆದೋರಿದ್ದಾರೆ!"

ತರಕಾರಿ ಗಾಡಿಯವನ ಮೇಲೆ ಪ್ರಯೋಗಿಸಿದೆ. ಹೊಂದಿತು. ಗಂಡನ ಮೇಲೂ ಹೊಂದಿತು.

"ನೋಡ್ತಾ ಇರಿ, ಆ ಶೇಖರ್‌ಗೆ ನೀರಿಳಿಸ್ತೀನಿ!" ಎಂದೆ.

"ನೀರು ಈಗಾಗ್ಲೇ ಇಳೀತಾನೇ ಇದೆಯಲ್ಲೇ" ಎಂದರು ಇವರು.

ಮೀಟಿಂಗ್‌ನಲ್ಲಿ ಶೇಖರ್ ಎದ್ದು ಪಟಪಟನೆ ಇಂಗ್ಲಿಷ್ ಉದುರಿಸಿ ನನ್ನತ್ತ ನೋಡಿದರು. ನಾನು ಕಣ್ಣು ಕೆಂಪಗೆ ಮಾಡಿ ಗುಡುಗಿದೆ: "ಆಬ್ಸಲ್ಯೂಟ್ಲಿ!" ಅವರು ಬೆಚ್ಚಿ ಇನ್ನೇನೋ ಕೇಳಿದರು. ಕುರ್ಚಿ ಕುಟ್ಟಿ "ಡೆಫಿನೆಟ್ಲಿ!" ಎಂದೆ. ಮತ್ತೇನೋ ಗೊಣಗಿದರು. ಬೆರಳು ತೋರಿಸಿ "ಫೇರ್ ಎನಫ್!" ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಗೆದ್ದೆ ಅಂದುಕೊಂಡೆ.

ಮೀಟಿಂಗ್ ಮುಗಿದು ಎಲ್ಲರೂ ಮನೆ ಸೇರಿದ ಮೇಲೆ ಪಕ್ಕದ ಮನೆಯ ಆಯೇಷಾ ಆಪಾ ಸೆರಗು ಜಗ್ಗಿದರು. "ಅರೇ, ಏನ್ ಮಾಡ್ಕೊಂಡ್ರಿ? ಲೀಕ್ ಸಣ್ಣದು ಅಲ್ವಾ ಅಂದ್ರು, ಹೌದು ಅಂದ್ರಿ. ಮಳೆಗಾಲ ಮುಗಿದ್ಮೇಲೆ ನೋಡೋಣ್ವಾ ಅಂದ್ರು, ಖಂಡಿತ ಅಂದ್ರಿ. ಅಲ್ಲೀತನಕ ನೀವೇ ಒಂದು ಬಕೆಟ್ ಇಟ್ಕೊಳ್ಳಿ ಅಂದ್ರು, ಅದಕ್ಕೂ ಸರಿ ಅಂದ್ರಿ!"

ಮೈಯೆಲ್ಲ ಉರಿದುಹೋಯಿತು. ದಡದಡ ಮೆಟ್ಟಿಲು ಹತ್ತಿ, ಶೇಖರ್ ಅವರ ಬಾಗಿಲಲ್ಲಿ ನಿಂತು, ಅವರ ಮುತ್ತಜ್ಜನಿಗೂ ಮುಟ್ಟುವ ಹಾಗೆ ಕನ್ನಡದಲ್ಲಿ ಬೈದೆ. ಅವರು ಕೈ ಮುಗಿದರು.

"ಮೇಡಂ, ನೀವು ದಿನಾ ಬೈಯೋದಕ್ಕೆ ಹೆದರಿ, ನಾಳೇನೇ ಬಾ ಅಂತ ಪ್ಲಂಬರ್‌ಗೆ ಹೇಳಿದ್ದೆ. ಯಾವುದಕ್ಕೂ ಮೀಟಿಂಗ್‌ನಲ್ಲಿ ಒಂದ್ಮಾತು ಕೇಳಿ ನೋಡೋಣ ಅಂತ ಕೇಳಿದೆ ಅಷ್ಟೆ. ನೀವು ಅಷ್ಟು ಜೋರಾಗಿ ಒಪ್ಕೊಂಡ್ರಲ್ಲ, ಬರಬೇಡಪ್ಪ ಅಂತ ಫೋನ್ ಮಾಡ್ಬಿಟ್ಟೆ. ಅವನು ಗರುಡಾಚಾರ್‌ಪಾಳ್ಯದಲ್ಲಿ ದೊಡ್ಡ ಕೆಲಸ ಒಪ್ಕೊಂಡ್ನಂತೆ. ಮಳೆಗಾಲ ಮುಗಿಯೋವರೆಗೂ ಸಿಗಲ್ಲ."

ಅಂದರೆ ನನ್ನ ಬೈಗುಳ ಫಲ ಕೊಟ್ಟಿತ್ತು! ಅದನ್ನು ಕೆಡಿಸಿದ್ದು ನಾನೇ. ಇನ್ನು ಯಾರ ಮೇಲೆ ಸಿಟ್ಟು ಮಾಡಲಿ?

ಈಗ ನಾನು ಒಗ್ಗರಣೆ ಹಾಕುವಾಗ ಇವರು ಒಲೆಯ ಮೇಲೆ ಕೊಡೆ ಹಿಡಿದು ನಿಲ್ಲುತ್ತಾರೆ. ನಿನ್ನೆ ಕೊಡೆಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸುತ್ತಾ ಕೇಳಿದರು: "ಇದೆಲ್ಲ ನಿನ್ನಿಂದಲೇ ಆಗಿದ್ದು, ಅಲ್ವೇನೇ?"

ಬಾಯಿಗೆ ಮೂರೂ ಪದ ಬಂದವು. ಮೂರೂ ಹೊಂದುತ್ತಿದ್ದವು!