ಗಾಳಿ ಫ್ಯಾನಿನ ಕೆಳಗೆ ಬಿದ್ದ ಹಕ್ಕಿಗಳು

ಒಂದು ಒಗಟು ಹೇಳ್ತೀನಿ, ಒಡೀರಿ ನೋಡೋಣ. ಅದು ಬದುಕಿದ್ದರೆ ನಾನು ಒಬ್ಬನೇ. ಅದು ಸತ್ತರೆ ನನಗೆ ಜೊತೆಯೂ ಉಂಟು, ಚಹಾನೂ ಉಂಟು. ಏನದು?

ಆಗಲಿಲ್ಲ, ಹೌದಲ್ರೀ? ಹಕ್ಕಿ. ಹತ್ತನೇ ಕ್ಲಾಸು ಫೇಲಾದವನ ಬಾಳಿನಲ್ಲಿ ಇಂಥವು ನಡೀತಾನೇ ಇರ್ತಾವೆ.

ರಾಯಾಪುರದಲ್ಲಿ ಯಾರ ಸೈಕಲ್ಲಿನ ಗಾಳಿ ಹೋದರೂ ನನ್ನ ಹೆಸರೇ ಬರುತ್ತಿತ್ತು. ಬೇಸತ್ತ ಕಾಕಾ ನನ್ನನ್ನು ಧಾರವಾಡದ ಆಚೆ ಗುಡ್ಡದ ಕೆಲಸಕ್ಕೆ ಹಚ್ಚಿದ. ಅಲ್ಲಿ ಕರೆಂಟು ಮಾಡೋ ಗಾಳಿ ಫ್ಯಾನು ಹೊಸದಾಗಿ ನಿಲ್ಲಿಸಿದ್ದರು. ಅವು ಬಡಿದು ಹಕ್ಕಿ ಸಾಯ್ತಾವೋ ಇಲ್ಲವೋ ಅಂತ ಸರ್ವೇ. ದಿನಾ ಫ್ಯಾನಿನ ಕೆಳಗೆ ಹುಡುಕೋದು ನನ್ನ ಕೆಲಸ. ಸಿಕ್ಕರೆ ಗುಡ್ಡದ ಕೆಳಗಿನ ಎಸ್‌ಟಿಡಿ ಬೂತಿನಿಂದ ನವನಗರದ ಆಫೀಸಿಗೆ ಫೋನು. ಆಗ ಹಕ್ಕಿ ಸಾಹೇಬ್ರು ಟೇಪು, ನೋಟ್‌ಬುಕ್ಕು, ಚಹಾದ ಥರ್ಮಾಸು ಹಿಡಿದು ಜೀಪಿನಲ್ಲಿ ಬರೋರು. ಸಿಗದಿದ್ದರೆ ಯಾರೂ ಇಲ್ಲ. ಚೇಷ್ಟೆ ಮಾಡೋಣ ಅಂದರೆ ಇಡೀ ಗುಡ್ಡದಲ್ಲಿ ನಾನೊಬ್ಬನೇ.

೧. ಕೋಳಿ

ಎಂಟು ದಿನ ಒಂದೂ ಬೀಳಲಿಲ್ಲ. ಒಂಬತ್ತನೇ ದಿನ ಅಂಗಡಿಯಿಂದ ಕೊಯ್ದ ಕೋಳಿಯೊಂದನ್ನು ಪುಕ್ಕದ ಸಮೇತ ತಂದಿಟ್ಟು ಫೋನು ಮಾಡಿದೆ. ಸಾಹೇಬ್ರು ಬಂದು ನೋಡಿದರು.

"ಕೋಳಿ ಅಷ್ಟು ಎತ್ತರಕ್ಕ ಹಾರಿತ್ತೇನಲೇ?"

"ಗಾಳಿ ಭಾಳ ಇತ್ತರೀ ಸಾಹೇಬ್ರ."

"ಹೌದೌದು. ಪೆಟ್ಟು ಬಿದ್ದೀತಂತ ತಲೀನ ಅಂಗಡ್ಯಾಗ ಬಿಟ್ಟು ಬಂದೈತಿ."

ಬೈದರು. ಆದರೂ ಚಹಾ ಕೊಟ್ಟರು.

೨. ಕೆಂಪು ದಾರ

ಆಮೇಲೆ ಗೊತ್ತಾಯಿತು, ಸಾಹೇಬ್ರೂ ನನ್ನ ಜಾತಿಯವರೇ. ನಾನು ನೆಟ್ಟಗೆ ಹುಡುಕ್ತೀನೋ ಇಲ್ಲವೋ ನೋಡಲಿಕ್ಕೆ, ಸತ್ತ ಪಾರಿವಾಳದ ಕಾಲಿಗೆ ಕೆಂಪು ದಾರ ಕಟ್ಟಿ, ನನಗೆ ಕಾಣದಂತೆ ಹುಲ್ಲಿನಲ್ಲಿ ಇಟ್ಟು ಹೋಗೋರು.

"ದಾರದ ಹಕ್ಕಿ ಎಷ್ಟು ಸಿಕ್ವೋ?"

"ಏಳು ರೀ."

"ನಾ ಇಟ್ಟಿದ್ದು ಬರೇ ಐದು!"

"ಎರಡು ನಾ ಇಟ್ಟಿದ್ದೆ ರೀ. ನೀವು ನೆಟ್ಟಗ ಎಣಸ್ತೀರೋ ಇಲ್ಲೋ ನಾನೂ ನೋಡಬ್ಯಾಡೇನ್ರಿ?"

ಅವರು ನಕ್ಕಿದ್ದಕ್ಕೆ ಗುಡ್ಡದ ಮೇಲಿನ ಬದುಕಿದ ಹಕ್ಕಿಗಳೂ ಎದ್ದು ಹಾರಿದವು. ಅದಾದ ಮೇಲೆ ಹದಿನೈದು ದಿನ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

೩. ದೊಡ್ಡ ಹಕ್ಕಿ

ಆ ಶನಿವಾರ ಸರ್ವೇ ಮುಗಿಯೋದಿತ್ತು. ಇನ್ನೊಮ್ಮೆಯಾದರೂ ಸಾಹೇಬ್ರು ಬರಲಿ ಅಂತ ಬೆಳಗ್ಗೆಯಿಂದ ಆಕಾಶ ನೋಡಿದೆ. ಹಾಳಾದ ಹಕ್ಕಿಗಳು ಒಂದೂ ಬಿಡದೆ ಫ್ಯಾನು ತಪ್ಪಿಸಿ ಹೋದವು. ಕಡೆಗೆ ನನ್ನ ಕಾಲಿಗೇ ಕೆಂಪು ದಾರ ಕಟ್ಟಿಕೊಂಡು ಬೂತಿಗೆ ಓಡಿದೆ. "ದೊಡ್ಡದೊಂದು ಬಿದ್ದೈತ್ರಿ, ಲಗೂ ಬರ್ರಿ" ಅಂದೆ. ವಾಪಸು ಬಂದು, ಕೈ ಎರಡೂ ಚಾಚಿ ಹುಲ್ಲಿನಲ್ಲಿ ಬೋರಲು ಮಲಗಿದೆ.

ಜೀಪು ಬಂತು. ಸಾಹೇಬ್ರು ಫ್ಯಾನಿನ ಕಂಬದಿಂದ ನನ್ನ ಕಾಲಿನವರೆಗೆ, ಆಮೇಲೆ ಕಾಲಿನಿಂದ ತಲೆಯವರೆಗೆ ಟೇಪು ಹಿಡಿದರು. ಬರೆದುಕೊಂಡು ಗಟ್ಟಿಯಾಗಿ ಓದಿದರು: "ಜಾತಿ ಗೊತ್ತಿಲ್ಲ. ಉದ್ದ ಐದಡಿ. ರೆಕ್ಕಿ ಇಲ್ಲ, ಬಾಯಿ ಭಾಳ. ಫ್ಯಾನ್ ಬಡಿದು ಸತ್ತದ್ದಲ್ಲ, ಚಹಾ ಸಿಗಲಾರದ ಸತ್ತೈತಿ." ಆಮೇಲೆ ಥರ್ಮಾಸು ತೆಗೆದರು.

ಖರೇ ಹೇಳಬೇಕಂದ್ರೆ, ಜೀಪು ಬಂದದ್ದು ನಾನು ಕಟ್ಟಿದ ಕತೆ. ಫೋನು ಮಾಡಿದ್ದು ಖರೇ. "ಸಾಹೇಬ್ರು ನಿನ್ನೇನ ತಮ್ಮ ಊರಿಗೆ ಹೋದ್ರಲ್ಲೋ" ಅಂತ ಆಫೀಸಿನವರು ಹೇಳಿದರು.

ಮಲಗಿದ್ದೂ ಖರೇ. ದಾರ ಕಟ್ಟಿಕೊಂಡು ಆಗಿತ್ತಲ್ಲ.